ಎಂಜಲ ಬಾಜಾ

ಕಾಚಿಗೂಡದ ನಮ್ಮ ಮನೆಯಲ್ಲಿ ದೇವರ ಗೂಡಿನ ಹತ್ತಿರವೂ ಅಡುಗೆಯ ಹತ್ತಿರವೂ ಸುಳಿಯಬಾರದ ವಸ್ತು ಒಂದಿತ್ತು. ಚಪ್ಪಲಿ ಅಂದುಕೊಂಡೀರಿ. ಚಪ್ಪಲಿಯ ಮಾತು ಬೇರೆ, ಅದಕ್ಕೆ ಬಾಗಿಲ ಹೊರಗೆ ತನ್ನದೇ ಮರ್ಯಾದೆಯ ಜಾಗವಿತ್ತು. ನಾನು ಹೇಳುತ್ತಿರುವುದು ಅವ್ವನ ಮೌತ್ ಆರ್ಗನ್ನಿನ ಸುದ್ದಿ. ಅದಕ್ಕೆ ಊದುವುದಷ್ಟೇ ಅಲ್ಲ, ಅದರ ಮೂಲಕ ಉಸಿರನ್ನು ವಾಪಸು ಎಳೆದುಕೊಳ್ಳುವುದೂ ಇರುತ್ತದೆ. ಹಾಗಾಗಿ ಅದು ಬರೀ ಎಂಜಲಲ್ಲ, ಎರಡು ಸಲ ಎಂಜಲು ಎಂಬುದು ಅತ್ತಿಯ ತೀರ್ಪು. ಅತ್ತಿ ಎಂದರೆ ಅಪ್ಪನ ಅಕ್ಕ. ಗಂಡ ತೀರಿಕೊಂಡ ಮೇಲೆ ರಾಯಚೂರಿನಿಂದ ತಮ್ಮನ ಮನೆಗೆ ಬಂದವಳು. ಹೈದರಾಬಾದಿನ ನೀರು, ಜೋಳ, ಅಗಸರವನು ಯಾವುದನ್ನೂ ಕೊನೆತನಕ ಒಪ್ಪಿಕೊಳ್ಳದೆ, ನಮ್ಮೆಲ್ಲರನ್ನೂ ಆಳಿಕೊಂಡಿದ್ದಳು. ಅವಳು ಆ ವಾದ್ಯವನ್ನು ಹೆಸರಿಟ್ಟು ಕರೆದದ್ದೇ ಇಲ್ಲ, ಎಂಜಲ ಬಾಜಾ ಎನ್ನುತ್ತಿದ್ದಳು. ಕೊನೆಗೆ ಅದಕ್ಕೆ ಸಿಕ್ಕ ಜಾಗ ಅವ್ವನ ಹೊಲಿಗೆ ಮಷಿನ್ನಿನ ಡ್ರಾಯರು. ಬಾಬಿನ್ನು, ಸೀಮೆಸುಣ್ಣ, ಜೊತೆ ತಪ್ಪಿದ ಗುಂಡಿಗಳ ನಡುವೆ ಒಂದು ಬ್ಲೌಸಿನ ತುಂಡಿನಲ್ಲಿ ಸುತ್ತಿಕೊಂಡು ಅದು ಮಲಗಿರುತ್ತಿತ್ತು. ಬೇರೆ ಯಾರೂ ಅದನ್ನು ಬಾಯಿಗೆ ಹಚ್ಚುವಂತಿರಲಿಲ್ಲ. ನಾನೂ ಇಲ್ಲ, ಅಪ್ಪನಂತೂ ಇಲ್ಲವೇ ಇಲ್ಲ. ಗಂಡನ ಎಂಜಲನ್ನು ಹೆಂಡತಿ ಉಂಡಾಳು, ಹೆಂಡತಿಯ ಎಂಜಲಿಗೆ ಗಂಡ ಬಾಯಿ ಹಚ್ಚುವುದೇ ಎಂಬ ಪ್ರಶ್ನೆಗೆ ನಮ್ಮ ಮನೆಯಲ್ಲಿ ಉತ್ತರ ಯಾರೂ ಹುಡುಕಿರಲಿಲ್ಲ.

ಮನೆ ಎಂದರೆ ಒಂದರ ಹಿಂದೆ ಒಂದು ಎರಡು ಕೋಣೆ, ಅದರ ಹಿಂದೆ ಬಚ್ಚಲು, ರೈಲಿನ ಡಬ್ಬಿ ಜೋಡಿಸಿದ ಹಾಗೆ. ನಿಲ್ದಾಣದ ಘೋಷಣೆ ಗಾಳಿ ಬೀಸಿದ ಕಡೆಗೆ ತಕ್ಕಂತೆ ಅರ್ಧ ತೆಲುಗಿನಲ್ಲಿ, ಅರ್ಧ ಹಿಂದಿಯಲ್ಲಿ ಬಂದು ಬೀಳುತ್ತಿತ್ತು. ಯಾವ ರೈಲು ತಡ ಎಂದು ತಿಳಿಯುತ್ತಿತ್ತು, ಎಷ್ಟು ತಡ ಎಂದು ತಿಳಿಯುತ್ತಿರಲಿಲ್ಲ. ನನ್ನ ಚಿಂತೆಯ ಸ್ವಭಾವಕ್ಕೆ ಅಷ್ಟು ಸಾಕಾಗಿತ್ತು. ಊರಿನ ಆಚೆ ತುದಿಯಲ್ಲಿ ಬಂಡೆ ಒಡೆದು ಗಾಜಿನ ಕಟ್ಟಡಗಳನ್ನು ಎಬ್ಬಿಸುತ್ತಿದ್ದ ಕಾಲ ಅದು. ನಾವು ಅದನ್ನು ನೋಡಿರಲಿಲ್ಲ, ಆದರೆ ಅದರ ನೆರಳು ನಮ್ಮ ಗಲ್ಲಿಗೂ ಬಂತು. ಲಾಡ್ಜುಗಳು ಒಂದೊಂದಾಗಿ ಲೇಡೀಸ್ ಹಾಸ್ಟೆಲ್ಲಾದವು, ಕಂಪ್ಯೂಟರ್ ಕಲಿಯಲು ಬಂದ ಹುಡುಗಿಯರು ತುಂಬಿಕೊಂಡರು. ಅವರ ಚೂಡಿದಾರಗಳನ್ನು ಬಿಗಿ ಮಾಡುವುದು, ಆರು ತಿಂಗಳ ಹಾಸ್ಟೆಲ್ ಊಟದ ಮೇಲೆ ಅವೇ ಚೂಡಿದಾರಗಳನ್ನು ಸಡಿಲ ಮಾಡುವುದು, ನಡುನಡುವೆ ಸೀರೆಗೆ ಫಾಲ್ ಹಚ್ಚುವುದು ಅವ್ವನ ಕೆಲಸ. ಬೆಳಗ್ಗೆ ನಳ ಬರುವ ಮೊದಲೇ ಎದ್ದವಳು ಸಂಜೆ ಮಷಿನ್ನಿನ ಚಕ್ರ ನಿಲ್ಲಿಸುವ ಹೊತ್ತಿಗೆ ಸೊಂಟಕ್ಕೆ ಎರಡೂ ಕೈ ಕೊಟ್ಟು ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುತ್ತಿದ್ದಳು. ಆಮೇಲೆ ಬಚ್ಚಲಿಗೆ ಹೋಗಿ ಬಾಯಿ ಮುಕ್ಕಳಿಸಿ, ಡ್ರಾಯರು ಎಳೆದು, ಬಾಜಾವನ್ನು ಅಂಗೈಗೆ ಎರಡು ಸಲ ಬಡಿದು, ಹಿತ್ತಿಲ ಕಟ್ಟೆಯ ಮೇಲೆ ಕೂತು ಊದುತ್ತಿದ್ದಳು. ಬೀಸುವ ಪದದ ಧಾಟಿ ಒಂದು, ತೊಟ್ಟಿಲಿನದು ಒಂದು. ಅಷ್ಟೇ ಅವಳಿಗೆ ಬರುತ್ತಿದ್ದುದು. ಅವಳು ಬೆಳೆದದ್ದು ವಾಡಿ ಜಂಕ್ಷನ್ನಿನ ರೈಲ್ವೆ ಕ್ವಾರ್ಟರ್ಸಿನಲ್ಲಿ. ಬಾಜಾ ಕೊಡಿಸಿದವನು ಅವಳ ಅಣ್ಣ. ಅವಳ ಸ್ವರ ಮಾತ್ರ ನೆಟ್ಟಗೆ ನಿಲ್ಲುತ್ತಿರಲಿಲ್ಲ, ದೀಪದ ಕುಡಿ ಗಾಳಿಗೆ ಆಡಿದ ಹಾಗೆ ಸಣ್ಣಗೆ ನಡುಗುತ್ತಿತ್ತು. ಬಾಜಾ ನಿಂತ ಮೇಲೆ ಅತ್ತಿ ದೇವರಿಗೆ ದೀಪ ಹಚ್ಚುತ್ತಿದ್ದಳು.

"ಮುಗೀತೇನ್ ನಿನ್ನ ಎಂಜಲಾರತಿ? ದೇವರು ಕಾಯಾಕತ್ತಾನ."

"ಮುಗೀತ್ರಿ ಅಕ್ಕಾರ. ನೀವು ಹಚ್ರಿ."

ಒಂದು ದಿನವೂ ಈ ಮಾತು ಬದಲಾಗಲಿಲ್ಲ. ಬದಲಾಗಬಾರದು ಎಂದು ನಾನು ಕಾಯುತ್ತಿದ್ದೆ. ಅವ್ವ ಬಾಜಾ ಊದದ ದಿನ ಏನೋ ಕೆಡುತ್ತದೆ ಎಂಬ ನಂಬಿಕೆ ನನ್ನಲ್ಲಿ ಹೇಗೋ ಬೇರೂರಿತ್ತು. ಏನು ಕೆಡುತ್ತದೆ ಎಂದು ಕೇಳಿದರೆ ಪಟ್ಟಿ ಕೊಡಲಾರೆ. ಅಪ್ಪ ಬಸ್ಸಿಗೆ ಸಿಕ್ಕಬಹುದು, ಮಾಳಿಗೆ ಬೀಳಬಹುದು, ಗಣಿತದಲ್ಲಿ ನಾನು ನಪಾಸಾಗಬಹುದು. ದಿನವಿಡೀ ಎಲ್ಲರ ಅಳತೆಗೆ ಬಟ್ಟೆ ಹೊಲಿಯುವವಳು ಆ ಐದು ನಿಮಿಷ ಯಾರ ಅಳತೆಗೂ ಸಿಕ್ಕದೆ ಕೂತಿರುತ್ತಿದ್ದಳು, ಮನೆ ಅದರ ಮೇಲೆ ನಿಂತಿದೆ ಎಂದು ನನಗೆ ಅನ್ನಿಸಿತ್ತು. ಈಗ ನನಗೆ ಸಂಬಳ ಬರುವುದು ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದಕ್ಕೆ. ಏನೂ ಕೆಡದ ದಿನ ಎಲ್ಲವನ್ನೂ ಇನ್ನೊಂದು ಸಲ ಪರೀಕ್ಷಿಸುತ್ತೇನೆ. ಈ ಗುಣ ಎಲ್ಲಿಂದ ಬಂತು ಎಂದು ಗಂಡ ಕೇಳಿದಾಗಲೆಲ್ಲ ಆ ಹಿತ್ತಿಲ ಕಟ್ಟೆ ನೆನಪಾಗುತ್ತದೆ, ಹೇಳುವುದಿಲ್ಲ.

ಅರ್ಧ ಗುಣ ಅಪ್ಪನದು. ಅಪ್ಪ ನಾಚಾರಂನ ಒಂದು ಕಾರ್ಖಾನೆಯಲ್ಲಿ ಬೇರಿಂಗುಗಳನ್ನು ತಪಾಸಣೆ ಮಾಡುತ್ತಿದ್ದ, ಅದೂ ಕಿವಿಯಿಂದ. ತಯಾರಾದ ಬೇರಿಂಗನ್ನು, ಸರಿಯಿದೆ ಎಂದು ಗೊತ್ತಿರುವ ಇನ್ನೊಂದು ಬೇರಿಂಗಿನ ಜೊತೆ ಒಂದೇ ವೇಗದಲ್ಲಿ ತಿರುಗಿಸಿ, ಎರಡರ ಗುಂಯ್‌ಗುಡುವಿಕೆಯನ್ನೂ ಒಟ್ಟಿಗೆ ಕೇಳುವುದು. ಎರಡೂ ಕೂಡಿ ಒಂದೇ ಎಳೆಯಾಗಿ ಹರಿದರೆ ಪಾಸು. ಗುಂಯ್, ಗುಂಯ್ ಎಂದು ಅಲೆ ಅಲೆಯಾಗಿ ಮಿಡಿದರೆ ಅದರ ಬೆನ್ನಿಗೆ ಕೆಂಪು ಬಣ್ಣದ ಚುಕ್ಕೆ. ಮನೆಯಲ್ಲೂ ಅವನ ಕಿವಿ ಡ್ಯೂಟಿ ಬಿಡುತ್ತಿರಲಿಲ್ಲ. ಪಂಖಾ, ಮಿಕ್ಸರು, ಮೇಲಿನ ಮನೆಯವರ ನೀರಿನ ಮೋಟರು ಎಲ್ಲಕ್ಕೂ ಮನಸ್ಸಿನಲ್ಲೇ ಚುಕ್ಕೆ ಇಡುತ್ತಿದ್ದ. ಆಮೇಲೆ ಆ ಕಾರ್ಖಾನೆಗೆ ಪರದೆ ಇರುವ ಒಂದು ಯಂತ್ರ ಬಂತು, ಕಿವಿಯ ಕೆಲಸ ಅದೇ ಮಾಡತೊಡಗಿತು. ಅಪ್ಪನಿಗೆ ಶಾಲು, ಹಾರ, ಒಂದು ಗೋಡೆ ಗಡಿಯಾರ ಕೊಟ್ಟು ಕಳಿಸಿದರು. ಗಡಿಯಾರದ ಟಿಕ್‌ಟಿಕ್ ಸರಿಯಿಲ್ಲ ಎಂದು ಅವನು ಅದನ್ನು ಗೋಡೆಗೆ ಹಾಕಲಿಲ್ಲ.

ಮನೆಯಲ್ಲಿ ಕೂತ ಅಪ್ಪ ಹೇಗಿದ್ದನೆಂದರೆ, ಮುಂದಿನ ಕೋಣೆಯಲ್ಲಿ ಇಟ್ಟ ದೊಡ್ಡ ಸಾಮಾನಿನ ಹಾಗೆ. ಎಲ್ಲರೂ ಸುತ್ತುಬಳಸಿ ಓಡಾಡುತ್ತಿದ್ದೆವು. ಹಾಸ್ಟೆಲ್ ಹುಡುಗಿಯರು ಬಟ್ಟೆ ಕೊಡಲು ಬಂದಾಗ ಎದ್ದು ಬಚ್ಚಲಿಗೆ ಹೋಗಿ, ಬಾರದ ನೀರಿಗಾಗಿ ನಳ ತಿರುವುತ್ತಿದ್ದ. ಅಂಥ ದಿನಗಳಲ್ಲೇ ಅವ್ವನ ಬಾಜಾದ ಒಂದು ಸ್ವರ, ಅವಳ ಮಾತಿನಲ್ಲಿ ಒಂದು ಮನಿ, ಹಿಡಿದುಕೊಂಡಿತು. ಅಣ್ಣನ ಮೊಮ್ಮಗುವಿನ ತೊಟ್ಟಿಲಿಗೆ ವಾಡಿಗೆ ಹೊರಟಿದ್ದ ಅವ್ವ, ಡ್ರಾಯರಿನಿಂದ ಅದನ್ನು ತೆಗೆದು ಅಪ್ಪನ ಮುಂದಿಟ್ಟಳು.

"ಒಂದ್ ಮನಿ ಬಂದ್ ಆಗೇತಿ, ನೋಡ್ತೀರೇನು? ಕಾಲಿದ್ರ ನೋಡ್ರಿ."

"ಕಾಲಿ ಇದ್ದೀನಿ ಅಂತ ಎಲ್ಲಾರಿಗೂ ಗೊತ್ತೈತಿ," ಅಂದ ಅಪ್ಪ.

ಅವ್ವ ಚೀಲ ಎತ್ತಿಕೊಂಡು ವಾಡಿಯ ರೈಲಿಗೆ ಹೊರಟಳು. ಅವಳು ಹೋದ ಮಧ್ಯಾಹ್ನವೇ ಅವನು ಪೇಪರು ಹಾಸಿ, ಸಣ್ಣ ಸ್ಕ್ರೂಗಳನ್ನು ಸಾಲಾಗಿ ಇಟ್ಟು ಅದನ್ನು ಬಿಚ್ಚಿದ. ಒಳಗೆ ಎರಡು ಹಿತ್ತಾಳೆ ತಗಡು, ಮೇಲೊಂದು ಕೆಳಗೊಂದು. ಒಂದೊಂದರಲ್ಲೂ ಸಾಲು ಸಾಲು ಸಣ್ಣ ಸೀಳು, ಪ್ರತಿ ಸೀಳಿನ ಮೇಲೆ ಒಂದು ತೆಳ್ಳನೆಯ ಹಿತ್ತಾಳೆ ನಾಲಗೆ. ಬುಡ ತಗಡಿಗೆ ಬಿಗಿದಿದೆ, ತುದಿ ಖುಲ್ಲಾ. ಆ ನಾಲಗೆಯೇ ಹಾಡುತ್ತದೆ ಎಂದು ನಾನು ತಿಳಿದಿದ್ದೆ, ಅಪ್ಪ ಅಲ್ಲವೆಂದ. ನಾಲಗೆಯನ್ನು ಉಗುರಿನಿಂದ ಮೀಟಿ ತೋರಿಸಿದ, ಸೊಳ್ಳೆಯಷ್ಟು ಸಪ್ಪಳ. ಅದು ಬಾಗಿಲು ಮಾತ್ರ. ಉಸಿರು ನೂಕಿದಾಗ ಬಾಗಿಲು ಸೀಳಿನೊಳಕ್ಕೆ ಹೋಗಿ ದಾರಿ ಮುಚ್ಚುತ್ತದೆ. ಬಾಗಿದ ಹಿತ್ತಾಳೆ ಸುಮ್ಮನಿರದೆ ಪುಟಿದು ಹಿಂದಕ್ಕೆ ಬರುತ್ತದೆ, ದಾರಿ ತೆರೆಯುತ್ತದೆ. ಕಣ್ಣು ಮಿಟುಕಿಸುವುದರೊಳಗೆ ಇದು ನೂರಾರು ಸಲ ನಡೆದುಹೋಗುತ್ತದೆ. ನಾವು ಊದಿದ ಉದ್ದನೆಯ ಉಸಿರನ್ನು ಅದು ಚೂರು ಚೂರು ಕತ್ತರಿಸಿ ಹೊರಗೆ ಬಿಡುತ್ತದೆ, ಆ ಚೂರುಗಳ ಸಾಲೇ ಸ್ವರ. ಉದ್ದ ನಾಲಗೆ ನಿಧಾನ, ಹಾಗಾಗಿ ತಗ್ಗಿನ ಸ್ವರ. ಗಿಡ್ಡ ನಾಲಗೆ ಚುರುಕು, ಏರಿನ ಸ್ವರ. ಬಾಗಿಲಿಗೂ ಚೌಕಟ್ಟಿಗೂ ನಡುವಿನ ಸಂದು ಕೂದಲೆಳೆಯಷ್ಟು. ಬಂದಾಗಿದ್ದ ಸ್ವರದಲ್ಲಿ ಆ ಸಂದಿನೊಳಗೆ ಸಿಕ್ಕಿದ್ದು ಒಂದು ನೂಲಿನ ತುಣುಕು, ಯಾವುದೋ ಹಾಸ್ಟೆಲ್ ಹುಡುಗಿಯ ಚೂಡಿದಾರದ ಹಳದಿ ನೂಲು. ಅಪ್ಪ ಚಿಮಟದಿಂದ ಅದನ್ನು ಎಳೆದು ತೆಗೆದ. ಕೆಲಸ ಮುಗಿದಿತ್ತು. ಅಲ್ಲಿಗೆ ನಿಲ್ಲಿಸಿದ್ದರೆ ಈ ಕಥೆಯೂ ಇಲ್ಲ.

ಆದರೆ ತಪಾಸಣೆಯಾಗದೆ ಮಾಲು ಹೊರಗೆ ಹೋಗುವಂತಿಲ್ಲ. ಬಾಯಿಂದ ಊದಿ ನೋಡುವಂತೆಯೂ ಇಲ್ಲ, ಅತ್ತಿ ಅಲ್ಲೇ ಕಾಲು ಚಾಚಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಅಪ್ಪ ಸ್ಕೂಟರಿನ ಹಳೆಯ ಟ್ಯೂಬು ತಂದು ಗಾಳಿ ತುಂಬಿ, ಅದರ ಮೂತಿಗೆ ರಬ್ಬರ್ ಕೊಳವೆ ಸಿಕ್ಕಿಸಿ, ಟ್ಯೂಬಿನ ಮೇಲೆ ನನ್ನನ್ನು ಕೂರಿಸಿದ. ನನ್ನ ತೂಕವೇ ಆ ಬಾಜಾದ ಉಸಿರು. ಅಲುಗಾಡಬೇಡ ಎಂದ. ನಾನು ಜೀವನದಲ್ಲಿ ಅಷ್ಟು ಗಂಭೀರವಾಗಿ ಮತ್ತೆಲ್ಲೂ ಕೂತಿಲ್ಲ. ಕೊಳವೆಯನ್ನು ಒಂದು ತೂತಿಗೆ ಹಿಡಿದ ಕೂಡಲೇ ಸ್ವರ ಎದ್ದಿತು, ಎದ್ದ ಕೂಡಲೇ ನಡುಗಿತು. ಅಪ್ಪನ ಮುಖ ಬದಲಾಯಿತು. ಆ ಥರದ ಬಾಜಾದಲ್ಲಿ ಒಂದು ಸ್ವರಕ್ಕೆ ಎರಡು ನಾಲಗೆ, ಮೇಲಿನ ತಗಡಿನದೊಂದು ಕೆಳಗಿನದೊಂದು, ಒಂದೇ ಉಸಿರಿಗೆ ಎರಡೂ ಆಡುತ್ತವೆ. ಒಂದೊಂದನ್ನೇ ಬಿಡಿಯಾಗಿ ಊದಿಸಿದಾಗ ನೆಟ್ಟಗಿದ್ದವು, ಕೂಡಿಸಿದರೆ ಅಲೆ. ಎರಡರಲ್ಲಿ ಒಂದು ಚೂರೇ ಚೂರು ಮುಂದೆ ಓಡುತ್ತಿತ್ತು. ಪಂಚಮಿ ಜೋಕಾಲಿಯನ್ನು ಇಬ್ಬರು ತೂಗುವಾಗ ಇಬ್ಬರ ಕೈಯೂ ಒಟ್ಟಿಗೆ ಬಿದ್ದರೆ ಅದು ಆಕಾಶಕ್ಕೆ ಏರುತ್ತದೆ, ಒಬ್ಬಳು ನೂಕುವಾಗ ಇನ್ನೊಬ್ಬಳು ಎಳೆದರೆ ನಿಂತೇಬಿಡುತ್ತದೆ. ಒಬ್ಬಳ ಕೈ ತುಸು ಬೇಗ ಆಡಿದರೆ ಒಮ್ಮೆ ಕೂಡುತ್ತಾರೆ, ಒಮ್ಮೆ ತಪ್ಪುತ್ತಾರೆ, ಮತ್ತೆ ಕೂಡುತ್ತಾರೆ. ಸ್ವರ ಉಬ್ಬಿ ತಗ್ಗಿ ಉಬ್ಬಿ ನಡುಗುವುದು ಹಾಗೆ.

ಅಪ್ಪ ಕೊಳವೆ ತೆಗೆದು ಪೇಪರಿನ ಮೇಲಿಟ್ಟ. ಆಮೇಲೆ, ನನಗೆ ಹೇಳಿದನೋ ತನಗೇ ಹೇಳಿಕೊಂಡನೋ, ಮೆಲ್ಲಗೆ ಹೇಳಿದ.

"ನಿಮ್ಮವ್ವ ದಣದಿರ್ತಾಳ, ಅದಕ್ಕ ಉಸಿರು ನಡಗತೈತಿ ಅಂದ್ಕೊಂಡಿದ್ದೆ. ಇಷ್ಟ್ ವರ್ಷ ಹಂಗ ಅಂದ್ಕೊಂಡಿದ್ದೆ. ಆಕಿದಲ್ಲ. ಮಾಲ್ ಖರಾಬ್ ಐತಿ."

ಹೀಗೆ ಅಪ್ಪ ಅವ್ವನ ದಣಿವನ್ನು ರಿಪೇರಿ ಮಾಡಲು ಕೂತ. ಅವಳು ವಾಡಿಯಿಂದ ಬರುವವರೆಗೆ ದಿನವೂ ಅದೇ ಕೆಲಸ. ನಾಲಗೆಯ ತುದಿಯನ್ನು ಸೂಜಿಯಂಥ ಅರದಿಂದ ತುಸುವೇ ಉಜ್ಜಿದರೆ ತುದಿ ಹಗುರಾಗಿ ಬೇಗ ಆಡುತ್ತದೆ, ಸ್ವರ ಏರುತ್ತದೆ. ಬುಡವನ್ನು ಉಜ್ಜಿದರೆ ಪುಟಿಯುವ ಬಲ ಕುಗ್ಗಿ ಸ್ವರ ಇಳಿಯುತ್ತದೆ. ಏರಿಸುವುದು, ಇಳಿಸುವುದು, ನನ್ನನ್ನು ಟ್ಯೂಬಿನ ಮೇಲೆ ಕೂರಿಸುವುದು, ಕೇಳುವುದು. ಅಲೆಗಳು ಅಗಲವಾಗುತ್ತಾ ಆಗುತ್ತಾ ಒಂದು ಗಳಿಗೆಯಲ್ಲಿ ಇಲ್ಲವಾಗುತ್ತಿದ್ದವು. ಎರಡು ನಾಲಗೆ ಒಂದೇ ಆಗಿ, ಸ್ವರ ಹಗ್ಗ ಎಳೆದ ಹಾಗೆ ನೆಟ್ಟಗೆ ನಿಲ್ಲುತ್ತಿತ್ತು. ಆಗ ಅಪ್ಪನ ಬೆನ್ನೂ ನೆಟ್ಟಗಾಗುತ್ತಿತ್ತು. ಶಾಲು ಹಾರ ಹಾಕಿಸಿಕೊಂಡ ಮೇಲೆ ಅವನು ಅನ್ನವನ್ನು ಎರಡನೇ ಸಲ ಕೇಳಿ ಹಾಕಿಸಿಕೊಂಡದ್ದು ಆ ವಾರವೇ. ಅತ್ತಿಗೂ ಸಮಾಧಾನ.

"ಕೈಗೆ ಕೆಲಸ ಹತ್ತಿತು ನೋಡು. ಎಂಜಲ ಬಾಜಾ ಆದ್ರೂ ಒಂದ್ ಕೆಲಸಕ್ಕ ಬಂತು."

ಅವ್ವ ಬಂದಳು. ಚೀಲದಿಂದ ತೊಟ್ಟಿಲ ಗುಗ್ಗರಿ ತೆಗೆದು ಕೊಟ್ಟಳು, ನೀರು ಕುಡಿದಳು, ಬಾಯಿ ಮುಕ್ಕಳಿಸಿ ಕಟ್ಟೆಯ ಮೇಲೆ ಕೂತಳು. ಅಪ್ಪ ಬಾಗಿಲಲ್ಲಿ ನಿಂತಿದ್ದ, ಮೊದಲ ದಿನ ಶಾಲೆಗೆ ಮಗು ಕಳಿಸಿದವನ ಹಾಗೆ. ಅವ್ವ ಬೀಸುವ ಪದದ ಮೊದಲ ಸಾಲು ಊದಿದಳು. ಸ್ವರ ಸ್ವಚ್ಛವಾಗಿ, ಗಟ್ಟಿಯಾಗಿ, ಫ್ಯಾಕ್ಟರಿ ಸೈರನ್ನಿನ ಮರಿಯ ಹಾಗೆ ಬಂತು. ಎರಡನೇ ಸಾಲಿನ ನಡುವೆ ನಿಲ್ಲಿಸಿ, ಬಾಜಾವನ್ನು ತಿರುಗಿಸಿ ನೋಡಿ, ತನ್ನದೇ ಹೌದೋ ಅಲ್ಲವೋ ಎಂಬಂತೆ ಅದರ ಮೂಲೆಯ ತಗ್ಗನ್ನು ಬೆರಳಿನಿಂದ ಮುಟ್ಟಿದಳು.

"ಹೆಂಗೈತಿ?" ಅಂದ ಅಪ್ಪ.

"ಚಲೋ ಆಗೇತ್ರಿ. ಎಲ್ಲಾ ಮನಿನೂ ಬರಾಕತ್ತಾವು."

ಹೇಳಿ, ಬ್ಲೌಸಿನ ತುಂಡಿನಲ್ಲಿ ಸುತ್ತಿ, ಡ್ರಾಯರಿನಲ್ಲಿ ಇಟ್ಟಳು. ಮರುದಿನ ತೆಗೆಯಲಿಲ್ಲ. ಅದರ ಮರುದಿನವೂ. ಕೇಳಿದರೆ ಫಾಲಿನ ಕೆಲಸ ಬಹಳ ಐತಿ ಎಂದಳು, ತಲೆ ನೋವು ಎಂದಳು. ಅತ್ತಿಗೂ ಬೇಕಾದ ಹೊತ್ತಿಗೆ ದೀಪ ಹಚ್ಚುವ ಅನುಕೂಲವಾಯಿತು, ಯಾರೂ ಯಾರನ್ನೂ ಕಾಯಿಸಲಿಲ್ಲ. ಅಪ್ಪ ಡ್ರಾಯರಿನ ಕಡೆ ನೋಡುವುದು, ನಾನು ಅಪ್ಪನ ಕಡೆ ನೋಡುವುದು, ಹೀಗೆ ಸಂಜೆಗಳು ಕಳೆದವು. ಮಾಳಿಗೆ ಬೀಳಲಿಲ್ಲ, ಗಣಿತದಲ್ಲಿ ಪಾಸಾದೆ. ನನ್ನ ಭಯಗಳು ಒಂದೂ ನಿಜವಾಗದೆ ನನ್ನನ್ನು ಇನ್ನಷ್ಟು ಹೆದರಿಸಿದವು. ಕೆಡುವುದು ಬೇರೆಲ್ಲೋ ನಡೆಯುತ್ತಿತ್ತು. ಅವ್ವ ಮಷಿನ್ನು ನಿಲ್ಲಿಸಿ ಸೊಂಟಕ್ಕೆ ಕೈ ಕೊಟ್ಟು ನಿಂತವಳು, ಅಲ್ಲಿಂದ ನೇರ ಅಡುಗೆಗೆ ಹೋಗುತ್ತಿದ್ದಳು.

ಕೊನೆಗೆ ಬಾಯಿ ಬಿಟ್ಟವಳು ಅತ್ತಿ. ಊಟಕ್ಕೆ ಕೂತಾಗ ಒಂದು ದಿನ ರೊಟ್ಟಿ ಮುರಿಯುತ್ತಾ ಕೇಳಿದಳು.

"ಶಾಂತಾ, ನಿನ್ನ ಬಾಜಾ ಯಾಕ ಸುಮ್ಮನಾತು? ದೀಪ ಹಚ್ಚೂದು ನನಗ ನೆನಪ ಆಗವಲ್ದು ಈಗೀಗ."

"ಏನಿಲ್ರಿ ಅಕ್ಕಾರ."

"ಏನಿಲ್ಲ ಅಂದ್ರ ಏನೋ ಐತಿ. ಹೇಳು."

ಅವ್ವ ಅಪ್ಪನ ತಟ್ಟೆಗೆ ಪಲ್ಯ ಬಡಿಸುತ್ತಾ, ತಟ್ಟೆಗೇ ಹೇಳಿದಳು.

"ಅದರಾಗಿನ ಜೀವ ಹೋಗೇತ್ರಿ."

ಅಪ್ಪನ ಕೈ ನಿಂತಿತು. "ಜೀವ ಹೋಗೇತಿ ಅಂದ್ರ? ಎಳಿ ಅಷ್ಟ್ ಫರಕ್ ಇಲ್ಲ ಅದರಾಗ ಈಗ. ಕಂಪನಿಯಾಂವ ಬಂದ್ರೂ ಇಷ್ಟ್ ಬರೋಬ್ಬರಿ ಮಾಡಾಂಗಿಲ್ಲ."

"ಎರಡೂ ಬರೋಬ್ಬರಿ ಒಂದ ಆದ್ರ, ಎರಡ್ ಯಾಕ ಇಟ್ಟಿರ್ತಾರ್ರೀ ಅವರು? ಒಂದ ಸಾಕಾಗಿತ್ತಲ್ಲ."

ಅಷ್ಟೇ ಅಂದಳು. ಕಂಪನಿಯವನು ಬೇಕೆಂದೇ ಜೋಡಿಯಲ್ಲಿ ಒಂದನ್ನು ಕೂದಲಷ್ಟು ತಪ್ಪಿಸಿ ಇಟ್ಟಿರುತ್ತಾನೆ, ಆ ತಪ್ಪಿನಿಂದಲೇ ಸ್ವರ ನಡುಗಿ ಮನುಷ್ಯರದಾಗುತ್ತದೆ ಎಂದು ಅಪ್ಪನಿಗೆ ಅರ್ಥವಾದದ್ದು ಆ ಪಲ್ಯ ಆರುವುದರೊಳಗೆ. ಜೀವಮಾನವಿಡೀ ಅಲೆ ಕೇಳಿದಲ್ಲೆಲ್ಲ ಕೆಂಪು ಚುಕ್ಕೆ ಇಟ್ಟವನಿಗೆ ಅದು ಹೇಗನ್ನಿಸಿತೋ. ನಾನು ಜಗಳ ಆಗುತ್ತದೆ ಎಂದು ನೀರಿನ ಲೋಟ ಬಿಗಿಯಾಗಿ ಹಿಡಿದಿದ್ದೆ. ಆಗಲಿಲ್ಲ.

"ಮೊದಲ ಯಾಕ ಹೇಳಲಿಲ್ಲ ನೀ?" ಅಂದ.

"ಭಾಳ ದಿನದ ಮ್ಯಾಲ ಹೊಟ್ಟಿ ತುಂಬ ಉಣಾಕತ್ತಿದ್ರಿ," ಅಂದಳು ಅವ್ವ.

ಮರುದಿನ ಸಂಜೆ ಅಪ್ಪ ಮತ್ತೆ ಪೇಪರು ಹಾಸಿದ. ಈ ಸಲ ಕೆಲಸ ತಿರುವುಮುರುವು: ಸರಿಯಾದದ್ದನ್ನು ಕೆಡಿಸಬೇಕು, ಅದೂ ಎಷ್ಟು ಬೇಕೋ ಅಷ್ಟೇ. ಅದನ್ನು ಅಳೆಯುವ ಸಾಧನ ಅಪ್ಪನ ಪೆಟ್ಟಿಗೆಯಲ್ಲಿ ಇರಲಿಲ್ಲ. ಟ್ಯೂಬಿನ ಮೇಲಿನ ನನ್ನ ನೌಕರಿಯೂ ಹೋಯಿತು, ಅವ್ವನೇ ಊದಬೇಕಾಯಿತು. ಉಜ್ಜಿದಷ್ಟೂ ಹಿತ್ತಾಳೆ ತೆಳುವಾಗುತ್ತದೆ, ಒಮ್ಮೆ ಆಗಲೇ ಉಜ್ಜಿಸಿಕೊಂಡ ನಾಲಗೆ ಇನ್ನೊಂದು ಸಲ ತಾಳುತ್ತದೋ ಮುರಿಯುತ್ತದೋ ಹೇಳಲಾಗದು. ಮುರಿದರೆ ಆ ಸ್ವರ ಹೋಯಿತು, ಧಾಟಿಯಲ್ಲಿ ಹಲ್ಲು ಬಿದ್ದ ಹಾಗೆ. ಅಪ್ಪ ಒಂದು ಸಲ ಉಜ್ಜಿ, ಜೋಡಿಸಿ, ತೂತನ್ನು ಅಂಗಿಯ ತುದಿಯಿಂದ ಒರೆಸಿ ಅವಳ ಕೈಗೆ ಕೊಡುವನು. ಅವಳು ಊದಿ ಕಣ್ಣು ಮುಚ್ಚಿ ಕೇಳುವಳು.

"ಇನ್ನೊಂದ್ ಜರಾ."

"ಈಗ?"

"ಅಯ್ಯ, ಇದು ಕುದರಿ ಓಡಿದಂಗ ಆತು. ಹಿಂದಕ ತಗೋರಿ."

"ಈಗ?"

"ಹಾಂ. ಬಂತು. ಇದು ನಮ್ಮದು."

ಅತ್ತಿ ಗೋಡೆಗೆ ಒರಗಿ, "ಮದವಿ ಆದ ಹೊಸದಾಗ ಇಷ್ಟ್ ಮಾತಾಡಿದ್ದು ನಾ ಕಾಣೆ," ಅಂದಳು. ದಿನಕ್ಕೆ ಒಂದೋ ಎರಡೋ ಸ್ವರ ಆಗುತ್ತಿದ್ದವು. ಅವ್ವ ಹೂಂ ಅನ್ನುವವರೆಗೆ ಅಪ್ಪ ಉಸಿರು ಬಿಗಿಹಿಡಿದಿರುತ್ತಿದ್ದ. ತಪ್ಪು ಕಂಡರೆ ತಿರಸ್ಕರಿಸುವುದು ಗೊತ್ತಿದ್ದವನು, ಯಾವ ತಪ್ಪು ಬೇಕು ಎಂದು ಇನ್ನೊಬ್ಬರನ್ನು ಕೇಳಿ ಕೇಳಿ ಮಾಡುವುದನ್ನು ಕಲಿಯುತ್ತಿದ್ದ. ಅದು ಎಷ್ಟು ದಣಿಸುವ ಕೆಲಸ ಎಂದು ನನಗೆ ಮದುವೆಯಾದ ಮೇಲೆ ಗೊತ್ತಾಯಿತು.

ಕೊನೆಗೆ ಮೇಲಿನ ತುದಿಯ ಒಂದು ಸ್ವರ ಉಳಿಯಿತು. ಅದರ ಎರಡು ನಾಲಗೆಯೂ ಗಿಡ್ಡ, ಎರಡೂ ಸವೆದಿದ್ದವು. ಅಪ್ಪ ಅರ ಹಿಡಿದವನು ಇಳಿಸಿಬಿಟ್ಟ. ಕೈ ಒರೆಸಿಕೊಂಡು, ಬಾಜಾವನ್ನು ಜೋಡಿಸಿ, ಸ್ಕ್ರೂ ಬಿಗಿದು, ಬೆಳಕಿಗೆ ಹಿಡಿದು ನೋಡಿದ.

"ಒಳಗಿಂದ ಹೆಂಗ್ ಕೇಳತೈತಿ ಇದು, ನೋಡ್ತೀನಿ," ಎಂದು, ಒರೆಸದೆ, ತೊಳೆಯದೆ, ಅವ್ವನ ಬಾಯಿಂದ ಆಗಷ್ಟೇ ಬಂದದ್ದನ್ನು ತನ್ನ ಬಾಯಿಗೆ ಹಚ್ಚಿಕೊಂಡ.

ಅತ್ತಿಯ ಕೈಯ ಬತ್ತಿ ಹೊಸೆಯುವುದು ನಿಂತಿತು. ಅವ್ವ ತಡೆಯಲು ಎತ್ತಿದ ಕೈ ಅರ್ಧದಲ್ಲೇ ಉಳಿಯಿತು. ನಾನು ಅತ್ತಿಯ ಮುಖ ನೋಡಿದೆ, ಈಗ ಬಿತ್ತು ಮಾಳಿಗೆ ಎಂದು. ಅಪ್ಪ ಆ ಉಳಿದ ಸ್ವರಕ್ಕೇ ಊದಿದ. ನಾವು ಆ ಮನೆಯಲ್ಲಿ ಅವನ ಉಸಿರಿನ ಸಪ್ಪಳ ಕೇಳಿದ್ದು ಅದೇ ಮೊದಲು. ಅವನೇ ತಿದ್ದಿ ಕೂದಲಷ್ಟೂ ಫರಕ್ ಇಲ್ಲದಂತೆ ಮಾಡಿದ್ದ, ಕಂಪನಿಯವನೂ ಮಾಡಲಾರದಷ್ಟು ನೆಟ್ಟಗಿನ ಸ್ವರ ಅದು. ಅವನ ಉಸಿರಿಗೆ ಅದು ನಡುಗಿತು. ಎದ್ದಿತು, ತಗ್ಗಿತು, ಅಲುಗಾಡಿ ಅಲುಗಾಡಿ ನಿಂತಿತು. ಅಪ್ಪ ಬಾಜಾವನ್ನು ಬಾಯಿಂದ ತೆಗೆದು, ಎಲ್ಲಿ ಕೆಟ್ಟಿದೆ ಎಂಬಂತೆ ಅದನ್ನೇ ನೋಡುತ್ತಿದ್ದ.

ಅತ್ತಿ ಬತ್ತಿಯನ್ನು ಎಣ್ಣೆಯಲ್ಲಿ ಅದ್ದಿದಳು. "ತೊಳಕೊಂಡರ ಹಚ್ಚಬೇಕಿಲ್ಲೋ ತಮ್ಮಾ," ಅಂದಳು, ಬೈದ ಹಾಗಿರಲಿಲ್ಲ. ಎದ್ದು ದೇವರ ಗೂಡಿಗೆ ಹೋದಳು.

ಅಪ್ಪ ಸ್ಕ್ರೂಡ್ರೈವರಿಗೆ ಕೈ ಚಾಚಿದ. ಅವ್ವ ಅದನ್ನು ಎತ್ತಿ ಡ್ರಾಯರಿನೊಳಗೆ ಹಾಕಿದಳು.

"ಅದೊಂದನ್ನ ಹಂಗ ಬಿಡ್ರಿ," ಅಂದಳು.

ಬಾಜಾ ಈಗ ನನ್ನ ಹತ್ತಿರ ಇದೆ. ಆ ಒಂದು ಸ್ವರವನ್ನು ಯಾರೂ ಮುಟ್ಟಿಲ್ಲ. ಕೆಲಸದಿಂದ ಬಂದು ಒಮ್ಮೊಮ್ಮೆ ಊದುತ್ತೇನೆ, ಉಸಿರಿನ ಪರೀಕ್ಷೆಗೆಂದು. ಕೆಲವು ದಿನ ನೆಟ್ಟಗೆ ಬರುತ್ತದೆ.